ಹಂಪಿ ಕೂಟಕ್ಕೆ ನಾನು ಹಾಕಿದ ಬೀಗ

ನಿಮ್ಮ ಮನೆಯಲ್ಲಿ ಬಂಗಾರ ಎಲ್ಲಿಟ್ಟಿದ್ದೀರಿ? ಹೇಳಬೇಡಿ, ನನಗೆ ಗೊತ್ತು. ಬೀರುವಿನಲ್ಲಂತೂ ಇಲ್ಲ. ಜೋಳದ ಡಬ್ಬಿಯ ತಳದಲ್ಲೋ, ಹಳೇ ಸೀರೆಯ ಗಂಟಿನೊಳಗೋ ಇರುತ್ತದೆ. ಬೆಲೆಬಾಳುವ ವಸ್ತು ಯಾರೂ ಕೈ ಹಾಕದ ಜಾಗದಲ್ಲಿರಬೇಕು ಎಂಬುದು ಸಂಡೂರಿನ ನನ್ನ ಅಡುಗೆಮನೆಯ ಮೂಲ ಸಿದ್ಧಾಂತ. ಈ ಸಿದ್ಧಾಂತವನ್ನು ನಾನು ಇಂಟರ್ನೆಟ್ಟಿಗೂ ಅನ್ವಯಿಸಿದೆ. ಅದರ ಕಥೆ ಇದು.

ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲ. ಅದಿರಿನ ಧೂಳಿಗೆ ಬೇವಿನ ಮರವೂ ಕೆಂಪು, ಒಣಗಹಾಕಿದ ಧೋತರವೂ ಕೆಂಪು. ಊರಲ್ಲಿ ಎಲ್ಲರ ಕೈಗೂ ಮೊಬೈಲು ಬಂದ ಹಾಗೆ ನನ್ನ ಕೈಗೂ ಬಂತು. ಗುಂಡಿ ಒತ್ತುವ ಫೋನು, ಒಳಗೆ ಇಂಟರ್ನೆಟ್. ಒಂದು ಅಕ್ಷರಕ್ಕೆ ಮೂರು ಮೂರು ಸಲ ಗುದ್ದಿ ಟೈಪ್ ಮಾಡುವುದನ್ನು ಕಲಿತೆ. ಕಲಿತ ವಿದ್ಯೆ ಸುಮ್ಮನಿರಲು ಬಿಡುತ್ತದೆಯೇ? ಇಂಟರ್ನೆಟ್ಟಿನ ‘ಮುದ್ದಕ್ಷರ ಬಳಗ’ ಸೇರಿದೆ. ಚೆಂದದ ಕೈಬರಹದ ಹುಚ್ಚಿರುವವರು ತಾವು ಬರೆದದ್ದರ ಫೋಟೊ ಹಾಕಿ ಚರ್ಚೆ ಮಾಡುವ ಜಾಗ. ಕನ್ನಡ ಅಕ್ಷರದ ಅಂದಚೆಂದವನ್ನೆಲ್ಲ ನಾವು ಇಂಗ್ಲಿಷ್ ಅಕ್ಷರ ಒತ್ತಿ ಚರ್ಚಿಸುತ್ತಿದ್ದೆವು. ಯಾರಿಗೂ ನಾಚಿಕೆ ಆಗಲಿಲ್ಲ.

ಬಳಗ ಕಟ್ಟಿದವಳು ಕಂಪ್ಲಿಯ ವಿಶಾಲಾಕ್ಷಿ, ಅಕ್ಕಿ ಗಿರಣಿಯವರ ಮನೆ ಸೊಸೆ. ಅವಳಿಗೊಂದೇ ಆಸೆ: ಅಕ್ಷರ ನೋಡಿ ನೋಡಿ ಪರಿಚಯವಾದವರ ಮುಖ ಒಮ್ಮೆಯಾದರೂ ನೋಡಬೇಕು. ಬರುವ ಭಾನುವಾರ ಹಂಪಿಯಲ್ಲಿ ಎಲ್ಲರೂ ಸೇರುವುದೆಂದು ಠರಾವಾಯಿತು; ಅದಕ್ಕೆಂದೇ ಬಳಗದಲ್ಲಿ ‘ಹಂಪಿ ಚರ್ಚೆ’ ಶುರುವಾಯಿತು. ಹಂಪಿಯಲ್ಲಿ ಎಲ್ಲಿ ಎಂಬುದೊಂದು ಬಾಕಿ ಇತ್ತು. ಅಷ್ಟರಲ್ಲಿ ಅವಳ ಫೋನು ಬಂತು.

“ಪಾರ್ವತಕ್ಕಾ, ತಂಗಿ ಬಾಣಂತನಕ್ಕ ಹಳ್ಳಿಗೆ ಹೊಂಟೀನ್ರಿ. ಅಲ್ಲಿ ಸಿಗ್ನಲ್ ಸಿಗಂಗಿಲ್ಲ, ಭಾನುವಾರ ಸೀದಾ ಹಂಪಿಗೇ ಬರ್ತೀನಿ. ಅಲ್ಲೀಮಟ ಬಳಗದ ಉಸ್ತುವಾರಿ ನಿಮ್ದು. ಎಲ್ಲಾ ಮಾತೂ ಒಂದ ರಾಶ್ಯಾಗ ಬಿದ್ದಾವು, ಒಂದಿಷ್ಟು ವಿಭಾಗ ಮಾಡಿ ಹೊಂದಿಸ್ರಿ. ಮತ್ತ, ಎದುರು ಬಸವಣ್ಣನ ಹತ್ರ ಹತ್ತು ಗಂಟೆಗೆ ಅಂತ ಹಂಪಿ ಚರ್ಚೆದಾಗ ಬರದುಬಿಡ್ರಿ.”

“ನೀ ಚಿಂತಿ ಬಿಡವ್ವಾ. ನಾ ಹೊಂದಿಸಿದ ಅಡಿಗಿಮನ್ಯಾಗ ಕಣ್ಣು ಮುಚ್ಚಿ ಸಾಸಿವಿ ತಗೀಬೋದು” ಎಂದೆ. ಅದು ನಿಜ. ಆದರೆ ತೆಗೆಯುವವಳು ನಾನೇ ಆಗಿರಬೇಕು ಎಂಬುದನ್ನು ಹೇಳಲು ಮರೆತೆ.

ಕೆಲಸ ಆರಂಭವಾಯಿತು. ಶಾಯಿಗೊಂದು ವಿಭಾಗ, ಕಾಗದಕ್ಕೊಂದು, ನಿಬ್ಬಿಗೊಂದು. ಓಂಕಾರ ಬರೆಯುವವರಿಗೆ ‘ದೇವರ ಜಗಲಿ’, ಕೆಳಗೆ ‘ಕೈಕಾಲು ತೊಳೆದು ಒಳಗೆ ಬನ್ನಿ’ ಎಂಬ ಸೂಚನೆ. ‘ಬರೀ ಗುಡ್ ಮಾರ್ನಿಂಗ್ ಹೇಳುವವರು’ ಎಂದೊಂದು. ‘ತಪ್ಪು ಹುಡುಕುವವರು’ ಎಂದು ಇನ್ನೊಂದು. ಅದು ಮಧ್ಯಾಹ್ನದೊಳಗೆ ತುಂಬಿತು. ಎಲ್ಲಕ್ಕಿಂತ ಕೆಳಗೆ, ಜಗಳ ಮುಗಿದು ಬೂದಿಯಾದ ಮಾತುಗಳಿಗೆ ‘ಹಳೇ ತಕರಾರು’.

“ಅಲ್ಲಲೇ, ಇವತ್ತರ ರೊಟ್ಟಿ ಬಡಿತೀಯೋ ಇಲ್ಲೋ?” ಎಂದರು ಯಜಮಾನರು. ದೋಣಿಮಲೈ ಗಣಿಯಲ್ಲಿ ಡಂಪರ್ ಓಡಿಸಿ ನಿವೃತ್ತರಾದವರು. ಹಸಿವಿಗೆ ಮಾತ್ರ ನಿವೃತ್ತಿ ಕೊಟ್ಟಿಲ್ಲ.

“ಜವಾಬ್ದಾರಿ ಐತ್ರಿ ನನ್ನ ಮ್ಯಾಲೆ.”

“ಹೊಟ್ಟಿ ಐತಿ ನನ್ನ ಮುಂದ.”

ಕೊನೆಗೆ ಉಳಿದದ್ದು ಹಂಪಿ ಚರ್ಚೆ. ಎದುರು ಬಸವಣ್ಣ, ಹತ್ತು ಗಂಟೆ ಎಂದು ಅದರಲ್ಲಿ ನೀಟಾಗಿ ಬರೆದೆ. ಬಳಗದಲ್ಲಿ ಇದಕ್ಕಿಂತ ಬೆಲೆಬಾಳುವ ಮಾತು ಬೇರೊಂದಿರಲಿಲ್ಲ. ಅದನ್ನು ಮುಂಬಾಗಿಲಲ್ಲಿ ಬಿಡುವುದೇ? ಹೋಗುವವರು ಬರುವವರು ಕೈಯಾಡಿಸಿ ಕೆಡಿಸಿದರೆ? ನನ್ನ ಕೈ ತಾನಾಗಿಯೇ ಅದನ್ನು ಒಯ್ದು ‘ಹಳೇ ತಕರಾರು’ ವಿಭಾಗದ ತಳಕ್ಕೆ ಇಟ್ಟಿತು. ಪಕ್ಕದಲ್ಲಿ ಪುಟ್ಟ ಬೀಗದ ಚಿತ್ರ ಕಂಡಿತು. ಅದನ್ನೂ ಒತ್ತಿದೆ. ಆ ದಿನ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಮರುದಿನದಿಂದ ಜನ ಶಾಯಿ ವಿಭಾಗದಲ್ಲಿ ‘ಹಂಪಿಯಲ್ಲಿ ಎಲ್ಲಿ?’ ಎಂದು ಕೇಳತೊಡಗಿದರು. ಇದೆಂಥ ಶಿಸ್ತು? ‘ಇದು ಶಾಯಿಯ ಜಾಗ. ಹಂಪಿಯ ಮಾತು ಹಂಪಿ ಚರ್ಚೆಯಲ್ಲಿಯೇ ಕೇಳತಕ್ಕದ್ದು’ ಎಂದು ಗದರಿ, ಪ್ರಶ್ನೆಗಳನ್ನು ಅಳಿಸಿಹಾಕಿದೆ. ಎರಡು ದಿನದಲ್ಲಿ ಕೇಳುವವರೇ ಇಲ್ಲವಾದರು. ಎಲ್ಲರಿಗೂ ತಿಳಿಯಿತು ಎಂದುಕೊಂಡೆ.

ಭಾನುವಾರ ಲಾರಿಗಳ ಬಾಲ ಹಿಡಿದು ತೆವಳಿದ ಬಸ್ಸು ನನ್ನನ್ನೂ ಯಜಮಾನರನ್ನೂ ಹೊಸಪೇಟೆಗೆ, ಅಲ್ಲಿಂದ ಇನ್ನೊಂದು ಬಸ್ಸು ಹಂಪಿಗೆ ತಲುಪಿಸಿತು. ನನ್ನ ಹಳದಿ ಸೀರೆ ಇಟ್ಟಂಗಿ ಬಣ್ಣವಾಗಿತ್ತು. ಬಜಾರಿನ ತುದಿಯ ಆ ದೊಡ್ಡ ಕಲ್ಲಿನ ಬಸವಣ್ಣನ ಹತ್ತಿರ ಒಬ್ಬ ಹೆಣ್ಣುಮಗಳು ರಟ್ಟಿನ ಪೆಟ್ಟಿಗೆ ತುಂಬ ಹೋಳಿಗೆ ಇಟ್ಟುಕೊಂಡು ಕುಂತಿದ್ದಳು. ವಿಶಾಲಾಕ್ಷಿ. ತಬ್ಬಿಕೊಂಡೆವು. ಹತ್ತಾಯಿತು, ಹನ್ನೊಂದಾಯಿತು. ಬಸವಣ್ಣ, ನಾವು ಮೂವರು, ಒಂದು ಮಂಗ. ಮಂಗ ಹೋಳಿಗೆಗಾಗಿ ಬಂದದ್ದು.

“ಹಂಪಿ ಚರ್ಚೆ ಎಲ್ಲಿಟ್ಟೀರಿ ಅಕ್ಕಾ?”

“ತಳಕ್ಕ. ಹಳೇ ತಕರಾರಿನಾಗ. ಅಲ್ಲಿ ಯಾರೂ ಹೋಗಂಗಿಲ್ಲ ನೋಡು.”

ಅವಳು ತೆರೆದಿದ್ದ ಹೋಳಿಗೆ ಪೆಟ್ಟಿಗೆಯನ್ನು ಮುಚ್ಚಿದಳು.

“ಬೀಗಾನೂ ಹಾಕೀನಿ” ಎಂದೆ, ಧೈರ್ಯ ತುಂಬಲು.

“ಬೀಗ ಯಾಕ್ರಿ?”

“ಬೀಗ ಇತ್ತಲ್ಲವ್ವಾ. ಇದ್ದ ಬೀಗ ಹಾಕಲಾರ್ದ ಹೆಂಗ ಬಿಡ್ಲಿ?”

ಆಗ ನನಗೆ ತಿಳಿಯಿತು: ತಳದಲ್ಲಿಟ್ಟು ಬೀಗ ಹಾಕಿದ ಆ ಮಾತನ್ನು ಬಳಗದಲ್ಲಿ ಒಬ್ಬರೂ ಓದಿಲ್ಲ. ಬೀಗ ಕಿತ್ತು ಸರಿಮಾಡೋಣವೆಂದರೆ ಫೋನಿನಲ್ಲಿ ಸಿಗ್ನಲ್ ಇಲ್ಲ. ವಿಶಾಲಾಕ್ಷಿಯ ಕಣ್ಣು ತುಂಬಿತ್ತು. “ಎಲ್ಲಾರೂ ಬಂದಿರ್ತಾರ್ರಿ. ಹಂಪಿ ಏನ್ ಸಣ್ಣದೈತೇನು? ಒಬ್ರ ಮುಖ ಒಬ್ರಿಗೆ ಗೊತ್ತಿಲ್ಲ. ಹಂಗ ಹೊಳ್ಳಿ ಹೋಗ್ತಾರ.”

ನಾನು ಸುಮ್ಮನೆ ಕೂರುವವಳೇ? ಬಜಾರಿನಿಂದ ಕುಂಕುಮ ತಂದು, ನೀರಲ್ಲಿ ಕಲಸಿ, ಪೆಟ್ಟಿಗೆಯ ರಟ್ಟಿನ ಮುಚ್ಚಳದ ಮೇಲೆ ‘ಮುದ್ದಕ್ಷರ ಬಳಗ ಇಲ್ಲಿದೆ’ ಎಂದು ಬರೆದೆ. ಜೀವಮಾನದ ಕಲೆಯನ್ನೆಲ್ಲ ಸುರಿದೆ. ಒಂದೊಂದು ಕೊಂಬಿಗೂ ಬಳ್ಳಿ, ಬಳ್ಳಿಗೆ ಮೊಗ್ಗು, ಮೊಗ್ಗಿನ ಮೇಲೆ ಗಿಳಿ. ಬಜಾರಿನ ನಡುವೆ ಹಿಡಿದು ನಿಂತೆ. ವಿದೇಶಿ ಹೆಂಗಸೊಬ್ಬಳು ಫೋಟೊ ತೆಗೆದಳು. ಇನ್ನೊಬ್ಬ ರೇಟು ಕೇಳಿದ. ಬಳಗದವರು ಒಬ್ಬರೂ ನಿಲ್ಲಲಿಲ್ಲ.

“ಏನ್ ಬರದೀಯಲೇ ಅದು? ಗಿಳಿ ಬಿಟ್ರ ಒಂದೂ ತಿಳಿವಲ್ದು” ಎಂದು ಯಜಮಾನರು ರಟ್ಟು ಕಸಿದುಕೊಂಡು ತಿರುಗಿಸಿ, ಬೆರಳದ್ದಿ ತಾವೇ ಬರೆದರು. ಡಂಪರ್ ಓಡಿಸಿದ ಕೈ. ಅಕ್ಷರಗಳು ಘಾಟಿಯಲ್ಲಿ ಸಿಕ್ಕಿಕೊಂಡ ಲಾರಿಗಳ ಹಾಗೆ ಒಂದರ ಬೆನ್ನಿಗೊಂದು ಗುದ್ದಿಕೊಂಡು ನಿಂತವು. ನನಗೆ ಮೈಯೆಲ್ಲ ಉರಿಯಿತು. ಅದನ್ನೇ ಎತ್ತಿ ಹಿಡಿದರು.

ಐದು ನಿಮಿಷವಾಗಿಲ್ಲ, ಪೇಟ ಸುತ್ತಿದ ಹಿರಿಯರೊಬ್ಬರು ದಾಪುಗಾಲು ಹಾಕಿ ಬಂದರು. “ಯಾರ್ರೀ ಇದನ್ನ ಬರದೋರು? ಬಳಗದ ಮರ್ಯಾದಿ ತಗದೀರಿ. ಈ ‘ದ್ದ’ ಕುಂತೈತೋ ಬಿದ್ದೈತೋ?”

ಚೋರನೂರಿನ ಕೊಟ್ರಪ್ಪನವರು. ನಮ್ಮ ಬಳಗದವರೇ. ಅವರ ಹಿಂದೆ ಇನ್ನೊಬ್ಬರು ‘ಳ’ ಸೊಟ್ಟಗಿದೆ ಎಂದು ಬಂದರು. ಗುಡಿಯ ಕಡೆಯಿಂದ ಇಬ್ಬರು, ಹೊಳೆಯ ಕಡೆಯಿಂದ ನಾಲ್ವರು. ನಮಸ್ಕಾರ ಯಾರೂ ಹೇಳಲಿಲ್ಲ. ಮೊದಲು ತಪ್ಪು ಹೇಳಿದರು, ಆಮೇಲೆ ಹೆಸರು. ಒಬ್ಬೊಬ್ಬರ ಹೆಸರು ಕೇಳಿದಾಗಲೂ ವಿಶಾಲಾಕ್ಷಿ “ಓ, ನೀವಾ” ಎಂದು ಅವರ ಮುಖವನ್ನು ಕಣ್ಣು ತುಂಬ ನೋಡಿದಳು. ಅಳು ಯಾವಾಗ ನಗುವಾಯಿತೋ ಗೊತ್ತಾಗಲಿಲ್ಲ. ನಡುವೆ ಯಜಮಾನರು ಮದುಮಗನಂತೆ ರಟ್ಟು ಹಿಡಿದು ನಿಂತಿದ್ದರು. ನನ್ನ ಗಿಳಿ ಹಿಂಬದಿಯಲ್ಲಿ ಅವರ ಅಂಗಿಗೆ ಕುಂಕುಮ ಮೆತ್ತುತ್ತಿತ್ತು.

ಎಲ್ಲರೂ ಹೊರಡುವ ಹೊತ್ತಿಗೆ ವಿಶಾಲಾಕ್ಷಿಯ ಕೈ ಹಿಡಿದು ಹೇಳಿದೆ: “ಆದದ್ದು ಆತವ್ವಾ. ಬೀಗ ತಗದು, ಎಲ್ಲಾ ಮತ್ತೊಮ್ಮೆ ಚೊಲೋತ್ನ್ಯಾಗ ಹೊಂದಿಸಿಬಿಡ್ತೀನಿ.”

“ಬ್ಯಾಡ್ರಿ ಅಕ್ಕಾ. ಇನ್ನ ಮ್ಯಾಲೆ ಉಸ್ತುವಾರಿ ನಿಮ್ಮ ಯಜಮಾನ್ರಿಗೆ ಕೊಡ್ತೀನಿ” ಎಂದಳು.

“ಅವ್ರಿಗೆ ಫೋನ್ ಒತ್ತಾಕೇ ಬರಂಗಿಲ್ಲವ್ವಾ.”

“ಅಂಥೋರೇ ಬೇಕ್ರಿ ನಮಗ.”