ಅರಿಶಿನದಲ್ಲಿ ಅದ್ದಿದ ಬಲೆ

ಮನೆಯಲ್ಲಿ ಮೊದಲ ಸಲ ಡಿಗ್ರಿ ಮಾಡಿದವರಿಗೆ ಒಂದು ಶಾಪವಿದೆ. ನಾವು ಏನು ಕೆಲಸ ಮಾಡುತ್ತೇವೆ ಎಂಬುದನ್ನು ಮನೆಯವರಿಗೆ ಅರ್ಥ ಮಾಡಿಸಲು ಆಗುವುದಿಲ್ಲ. ಟೀಚರ್ ಆದರೆ ಕಷ್ಟವಿಲ್ಲ, ನರ್ಸ್ ಆದರೂ ಸರಿ, ಪೊಲೀಸ್ ಆದರಂತೂ ಇಡೀ ಬೀದಿಗೇ ಅರ್ಥವಾಗುತ್ತದೆ. ನಾನು ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ, ಕೆರೆಗಳಲ್ಲಿ ಮೀನಿನ ಸಮೀಕ್ಷೆ ಮಾಡುವ ಗುತ್ತಿಗೆ ಕೆಲಸಕ್ಕೆ ಸೇರಿದೆ. ನಮ್ಮ ವಂಶದಲ್ಲಿ ಕಾಲೇಜಿನ ಗೇಟು ದಾಟಿದವಳು ನಾನೊಬ್ಬಳೇ. ಅಂತರಸನಹಳ್ಳಿಯ ಕಾರ್ಖಾನೆಗೆ ಶಿಫ್ಟಿನ ಮೇಲೆ ಹೋಗುವ ನಮ್ಮಪ್ಪ, ನಾನು ಕಪ್ಪು ಗೌನು ತೊಟ್ಟು ಪದವಿ ಪಡೆದ ಫೋಟೋವನ್ನು ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದಾರೆ. ಹಬ್ಬ ಬಂದರೆ ನನಗೂ ಒಂದು ಹೂವು ಸಿಗುತ್ತದೆ. ಹಾರ ಮಾತ್ರ ಹಾಕಬೇಡಿ ಎಂದು ಕೈಮುಗಿದು ಕೇಳಿಕೊಂಡಿದ್ದೇನೆ. ಇಂಥ ನಾನು ದಿನಾ ಬೆಳಗ್ಗೆ ಕೆಸರಿನಲ್ಲಿ ನಿಂತು ಬಲೆ ಎತ್ತುತ್ತೇನೆಂದರೆ ಅವ್ವ, "ಮೀನ್ ಹಿಡಿಯಾಕೆ ಇಷ್ಟೊಂದ್ ಓದ್ಬೇಕಿತ್ತೇನೇ?" ಎನ್ನುತ್ತಾಳೆ. ಮೀನು ಹಿಡಿದಿದ್ದರೆ ಉತ್ತರ ಕೊಡಬಹುದಿತ್ತು.

ಹಿಡಿಯಲಿಲ್ಲ, ಅದೇ ಗೋಳು. ನಮ್ಮದು ನೀರಿನಲ್ಲಿ ಗೋಡೆಯ ಹಾಗೆ ನಿಲ್ಲುವ ತೆಳು ನೈಲಾನ್ ಬಲೆ. ಸಂಜೆ ಕಟ್ಟಿ ಬರಬೇಕು, ಬೆಳಗ್ಗೆ ಎತ್ತಬೇಕು. ಬಿದ್ದ ಮೀನನ್ನು ಅಳೆದು ತೂಗಿ, ಕೆರೆಯಲ್ಲಿ ಒಟ್ಟು ಎಷ್ಟಿರಬಹುದೆಂದು ಅಂದಾಜು ಮಾಡಬೇಕು. ಮೀನಿಗೆ ಬಲೆ ಕಾಣಬಾರದು ಎನ್ನುವುದೇ ಇದರ ಗುಟ್ಟು. ಆಳದ ನೀರಿನಲ್ಲಿ ಇದೆಲ್ಲ ನಡೆಯುತ್ತದೆ. ನಮ್ಮ ಪಾಲಿಗೆ ಬಂದ, ಗುಬ್ಬಿ ಕಡೆಯ ಕಡಬದ ಕೆರೆ ದೊಡ್ಡದೇ, ಆದರೆ ನಾವು ಬಲೆ ಕಟ್ಟುವ ಕಡೆ ಸೊಂಟದಷ್ಟೂ ನೀರಿಲ್ಲ. ಮಳೆಯ ಕೆಸರು ತಳಕ್ಕಿಳಿದು ನೀರು ತಿಳಿಯಾಯಿತೆಂದರೆ ನಮ್ಮ ಕಥೆ ಮುಗಿದಂತೆ. ಮೀನು ಬಲೆಯ ಹತ್ತಿರ ಬರುತ್ತದೆ, ನಿಲ್ಲುತ್ತದೆ, ಪಕ್ಕಕ್ಕೆ ತಿರುಗಿ ಬಲೆಯ ಉದ್ದಕ್ಕೂ ಈಜಿ ತುದಿ ಸುತ್ತಿಕೊಂಡು ಆಚೆ ಹೋಗುತ್ತದೆ. ಒಂದು ಜಿಲೇಬಿ ಮೀನಂತೂ ಬಲೆಗೆ ಮೈ ತಾಗಿಸಿ, ಬಟ್ಟೆ ಅಂಗಡಿಯಲ್ಲಿ ಸೀರೆಯ ಸೆರಗು ಮುಟ್ಟಿ ನೋಡಿ "ಬೇಡ ಬಿಡಿ" ಎನ್ನುವ ಹೆಂಗಸಿನ ಹಾಗೆ ಹಿಂದೆ ಸರಿದದ್ದನ್ನು ನಾನೇ ನೋಡಿದ್ದೇನೆ. ಏರಿಯ ಮೇಲೆ ದನ ಮೇಯಿಸುವ ಅಜ್ಜ ದಿನಾ ಕೇಳುತ್ತಿದ್ದರು: "ಏನವ್ವಾ, ಮೀನ್ ಬಿತ್ತಾ, ಇಲ್ಲ ಇವತ್ತೂ ಬಲೆ ತೊಳ್ಕೊಂಡ್ ಹೋಗಾಕೆ ಬಂದ್ರಾ?"

ತೆಪ್ಪ ಹುಟ್ಟು ಹಾಕುವ ನಯಾಜ್ ತುಮಕೂರಿನವನು. ಅವನದೂ ನನ್ನ ಹಾಗೇ ಗುತ್ತಿಗೆ ಕೆಲಸ. "ಅಕ್ಕಾ, ಇವು ನಮ್ಮ ಬಲೇನ ಗುರ್ತು ಹಿಡಿದವೆ. ಬಂದ್ರಲ್ಲಪ್ಪಾ ಎಂಎಸ್ಸಿಯೋರು ಅಂತ ದಾರಿ ಬದಲಾಯಿಸ್ತವೆ" ಎಂದು ನಗುತ್ತಿದ್ದ. ನಗು ಬರುವಷ್ಟು ದಿನ ನಾನೂ ನಕ್ಕೆ. ಆಮೇಲೆ ತುಮಕೂರಿನ ಆಫೀಸಿನಲ್ಲಿ ಸಾಹೇಬರು ಕರೆದು ಕೂರಿಸಿ, "ನೋಡಮ್ಮಾ, ಬಲೆಗೆ ಬೀಳ್ಲಿಲ್ಲ ಅಂದ್ರೆ ಕೆರೇಲಿ ಮೀನಿಲ್ಲ ಅಂತಲೇ ಅರ್ಥ. ಮೀನಿಲ್ಲದ ಕೆರೆಗೆ ಮೀನು ಎಣಿಸೋರು ಯಾಕೆ? ಹಬ್ಬ ಕಳೀಲಿ, ನಾನೇ ಬಂದು ನೋಡ್ತೀನಿ. ಅವತ್ತೂ ಬೀಳದಿದ್ರೆ ನಿಮ್ಮ ಗುತ್ತಿಗೆ ಮುಂದುವರ್ಸೋಕೆ ಬರೆಯೋಲ್ಲ" ಎಂದರು. ಈ ತರ್ಕಕ್ಕೆ ಎದುರು ಹೇಳುವಷ್ಟು ಓದು ನನ್ನದಲ್ಲ.

ಆ ಹಬ್ಬವೇ ಆಯುಧಪೂಜೆ. ಹರಿದ ಕಡೆ ಹೆಣೆಯೋಣವೆಂದು ಬಲೆಯನ್ನು ಗುಬ್ಬಿಯ ನಮ್ಮ ಮನೆಗೆ ತಂದು ಮಾಳಿಗೆಯ ಹಗ್ಗದ ಮೇಲೆ ಹರವಿದ್ದೆ. ಅವ್ವ ಅಪ್ಪನ ಟಿವಿಎಸ್ಸಿಗೆ, ಮಿಕ್ಸಿಗೆ, ಈಳಿಗೆಮಣೆಗೆ ಪೂಜೆ ಮಾಡಿದಳು. ನಾನು ಹೋಳಿಗೆ ತಿಂದು ಮಲಗಿದೆ. ಮರುದಿನ ಸಂಜೆ ಕೆರೆಯ ದಡದಲ್ಲಿ, ಅವ್ವ ಬಲೆ ಮಡಿಚಿ ತುಂಬಿಕೊಟ್ಟಿದ್ದ ಚೀಲ ಬಿಚ್ಚಿದರೆ ನಯಾಜ್ ಬಾಯಿಬಿಟ್ಟು ನಿಂತ. "ಅಕ್ಕಾ, ಇದೇನ್ ಬಲೆನೋ, ಮದುವಣಗಿತ್ತಿ ಸೀರೆನೋ?"

ಬಲೆ ಈ ತುದಿಯಿಂದ ಆ ತುದಿಯವರೆಗೂ ಹಳದಿಯಾಗಿತ್ತು. ಅವ್ವನಿಗೆ ಫೋನು ಮಾಡಿದೆ.

"ನಿನ್ ಆಯುಧ ಅದೇ ಅಲ್ವೇನೇ? ಬೀದಿಯೋರ್ ಕಣ್ಣೆಲ್ಲ ಅದರ ಮೇಲೆ ಬಿದ್ದೈತೆ. ಅದಕ್ಕೇ ಅರಿಶಿನ ಹಚ್ದೆ."

"ಮೂಲೆಗೆ ಒಂದ್ ಬೊಟ್ಟು ಇಟ್ಟಿದ್ರೆ ಸಾಕಾಗ್ತಿತ್ತಲ್ಲವ್ವಾ!"

"ಮೂಲೆಗ್ ಇಟ್ರೆ ಮೀನು ಮೂಲೇಗಷ್ಟೇ ಬೀಳ್ತವೆ. ಅದಕ್ಕೇ ಬಕೀಟಲ್ಲಿ ಕಲಸಿ ಇಡೀ ಬಲೆನೇ ಅದ್ದುದೆ."

ಫೋನು ಇಟ್ಟೆ. ನಾನು ಕೆಲಸಕ್ಕೆ ಸೇರಿದ ಮೇಲೆ ಅವ್ವ ನನ್ನ ಬಲೆಯನ್ನು ಆಯುಧವೆಂದು ಒಪ್ಪಿದ್ದು ಅದೇ ಮೊದಲು. ಬೇರೆ ಬಲೆ ಇರಲಿಲ್ಲ, ಬೆಳಗಾದರೆ ಸಾಹೇಬರು ಬರುತ್ತಾರೆ. ಕೆರೆಯ ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದೆವು. ಕೈ ಹಳದಿಯಾಯಿತು, ಬಲೆ ಬಿಳಿಯಾಗಲಿಲ್ಲ. ಹಾಗೇ ಕಟ್ಟಿ ಬಂದೆವು. ತಿಳಿನೀರಿನಲ್ಲಿ ಅದು ಹೊಸ ಮನೆಯ ಕಾಂಪೌಂಡಿನ ಹಾಗೆ ಎದ್ದು ಕಾಣುತ್ತಿತ್ತು.

ಬೆಳಗ್ಗೆ ಸಾಹೇಬರು ಏರಿಯ ಮೇಲೆ, ಅವರ ಪಕ್ಕದಲ್ಲಿ ದನದ ಅಜ್ಜ. ನಾವು ತೆಪ್ಪದಿಂದ ಬಲೆ ಎತ್ತುತ್ತಾ ಬಂದೆವು. ಬರೀ ನೀರು, ಮತ್ತೆ ನೀರು, ಕೊನೆಗೆ ಒಂದು ಚೆಂಡುಹೂವು. ಬಲೆಯ ಕಣ್ಣಿಗೆ ಸರಿಯಾಗಿ ಸಿಕ್ಕಿಕೊಂಡಿತ್ತು, ಮೀನಾಗಿದ್ದರೆ ಒಳ್ಳೆಯ ಸೈಜು. ಬಲೆಯನ್ನು ಹಾಗೇ ಏರಿಗೆ ಹೊತ್ತು ತಂದೆವು.

"ಬಲೆ ಯಾಕೆ ಹಳದಿ?" ಎಂದರು ಸಾಹೇಬರು.

"ಪ್ರಯೋಗ ಸಾರ್" ಎಂದ ನಯಾಜ್.

ಸಾಹೇಬರು ಕೆರೆಗೆ ಬೆನ್ನು ಹಾಕಿ ನಿಂತು ಹೂವನ್ನು ಬಿಡಿಸಿ ಕೈಯಲ್ಲಿ ಹಿಡಿದು, "ಮಂಗಳಾರತಿ ಆಯ್ತಾ?" ಎಂದರು. ಅಷ್ಟರಲ್ಲಿ ಅವರ ಬೆನ್ನ ಹಿಂದೆ ಮೊಣಕೈ ಉದ್ದದ ಕಾಟ್ಲಾ ಮೀನೊಂದು ನೀರಿನಲ್ಲಿ ಛಳ್ ಎಂದು ನೆಗೆದು ಬಿತ್ತು. "ಸಾರ್, ಅಲ್ನೋಡಿ!" ಎಂದು ಕಿರುಚಿದೆ. ಅವರು ತಿರುಗಲೇ ಇಲ್ಲ. "ಕೆರೇಲಲ್ಲಮ್ಮಾ, ಬಲೇಲಿ ತೋರ್ಸಿ" ಎಂದು ಜೀಪು ಹತ್ತಿದರು. ಆ ತಿಂಗಳಿಗೆ ನನ್ನ ಗುತ್ತಿಗೆಯೂ ನಯಾಜನದೂ ಮುಗಿಯಿತು. ಮೀನಿಲ್ಲದ ಕೆರೆ ಎಂದು ವರದಿಯಾದ ಮೇಲೂ ಆ ಮೀನುಗಳು ಅಲ್ಲೇ ಇವೆ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. "ಬಿತ್ತಾ?"

"ಬಿತ್ತವ್ವಾ" ಎಂದೆ. ಚೆಂಡುಹೂವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದರಿಂದ ಪೂರ್ತಿ ಸುಳ್ಳಲ್ಲ.

ಅದರ ಫಲ ಈಗ ಅನುಭವಿಸುತ್ತಿದ್ದೇನೆ. ನಾಳೆ ಕುಣಿಗಲ್ಲಿನಲ್ಲಿ ಇನ್ನೊಂದು ಗುತ್ತಿಗೆ ಕೆಲಸಕ್ಕೆ ಸಂದರ್ಶನ. ಅವ್ವ ಈಗಾಗಲೇ ಬಕೀಟಿನಲ್ಲಿ ಅರಿಶಿನ ಕಲಸಿಟ್ಟು ನನ್ನ ಅಂಕಪಟ್ಟಿಗಳನ್ನು ಕೇಳುತ್ತಿದ್ದಾಳೆ. ಕೊಟ್ಟರೂ ನಷ್ಟವಿಲ್ಲ ಅನ್ನಿಸುತ್ತದೆ. ಮೀನಾದರೋ ಬಲೆ ಕಂಡರೆ ಪಕ್ಕಕ್ಕೆ ತಿರುಗುತ್ತದೆ. ನಾನು ಎಲ್ಲಿ ಬಲೆ ಕಂಡರೂ ನೇರವಾಗಿ ಹೋಗಿ ತಲೆ ತೂರಿಸುವವಳು. ಆದರೆ ಕೆಲಸ ಕೊಡುವವರ ಬಲೆಯ ಕಣ್ಣು ದೊಡ್ಡದು, ನಾನು ಸಣ್ಣ ಮೀನು. ಪ್ರತಿ ಸಲವೂ ಒಂದು ಗೀರೂ ಆಗದ ಹಾಗೆ ಆಚೆ ಕಡೆಯಿಂದ ಹೊರಗೆ ಬರುತ್ತೇನೆ.