ಮಗ್ಗದ ಮೇಲಿನ ಅರ್ಧ ಸೀರೆ

ನನಗೆ ಯಾವುದನ್ನೂ ಎಸೆಯಲು ಬರುವುದಿಲ್ಲ. ಮುರಿದ ಛತ್ರಿಯ ಹಿಡಿಕೆ, ನಿಂತ ಗಡಿಯಾರದ ಮುಳ್ಳು, ಯಾವ ಬೀಗದ್ದೋ ತಿಳಿಯದ ಕೀಲಿಗಳು, ಎಲ್ಲ ನನ್ನ ಟ್ರಂಕಿನಲ್ಲಿವೆ. ಇಂಥವನು ಇಳಕಲ್ಲಿಗೆ ಹೊಸದಾಗಿ ಬಂದ ಕಂಪ್ಯೂಟರ್ ಕ್ಲಾಸಿನಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತ, ಕಸ ತೆಗೆಯುವ ಪಾಠ ಮಾಡಬೇಕಾಗಿ ಬಂದದ್ದು ನನ್ನ ಹಣೆಬರಹ. ಪಾಠವೇನೋ ಸರಳ. ಪ್ರೋಗ್ರಾಮಿನಲ್ಲಿ ನಾವು ಹುಟ್ಟಿಸಿದ ಪ್ರತಿ ವಸ್ತುವೂ ಮೆಮೊರಿಯಲ್ಲಿ ಜಾಗ ಹಿಡಿಯುತ್ತದೆ. ಯಾವುದಾದರೂ ಒಂದು ಹೆಸರು ಅದನ್ನು ಹಿಡಿದಿರುವವರೆಗೆ ಅದಕ್ಕೆ ಭಯವಿಲ್ಲ. ಎಲ್ಲ ಹೆಸರುಗಳೂ ಕೈಬಿಟ್ಟರೆ ಜಾವಾ ತಾನೇ ಬಂದು ಗುಡಿಸಿ ಜಾಗ ಖಾಲಿ ಮಾಡುತ್ತದೆ. ಇದನ್ನು ಕೇಳಿ ಮುಂದಿನ ಬೆಂಚಿನ ಗಿರಿಜಾ, "ಸರ, ಇಂಥಾದ್ದೊಂದು ನಮ್ಮನ್ಯಾಗೂ ಇದ್ರ ಛಲೋ ಆಕ್ಕಿತ್ತರಿ. ಮುಂಜಾನೆ ಎದ್ದಕೂಡ್ಲೇ ನಮ್ಮವ್ವ ಬೈಯೂದರ ತಪ್ತಿತ್ತು" ಎಂದಳು.

ನನ್ನ ಮನೆಯ ಸಂಕಟ ಬೇರೆ. ನೇಕಾರರ ಮನೆಯಲ್ಲಿ ಹುಟ್ಟಿಯೂ ನನಗೆ ನೇಯಲು ಬರದು. ಲಾಳಿ ನನ್ನ ಕೈ ಸೇರಿದರೆ ನೇರ ಅಂಗಳಕ್ಕೆ ಹಾರುತ್ತಿತ್ತು. ನೇಯುತ್ತಿದ್ದವಳು ಹೆಂಡತಿ ಶಾಂತಾ. ಆಕೆ ತೀರಿಕೊಂಡು ಎಂಟು ತಿಂಗಳಾದರೂ ಅರ್ಧ ನೇಯ್ದ ಸೀರೆ ಮಗ್ಗದ ಮೇಲೇ ಇತ್ತು. ಪಕ್ಕದ ಮನೆಯ ಕಮಲವ್ವನ ಮಗ್ಗ ಮುರಿದು ದುಡಿಮೆ ನಿಂತಿತ್ತು. ನಿಮ್ಮ ಮಗ್ಗ ಕೊಡುತ್ತೀರಾ ಎಂದು ಎರಡು ಸಲ ಕೇಳಿದ್ದಳು. ಕೊಡಬೇಕೆಂದರೆ ಅದರ ಮೇಲಿನ ಎಳೆಗಳನ್ನು ಕತ್ತರಿಸಬೇಕಲ್ಲ ಎಂದುಕೊಂಡು ನಾನು ಎರಡು ಸಲವೂ ಕೆಮ್ಮಿ ಮಾತು ತಿರುಗಿಸಿದ್ದೆ.

ಕಸ ತೆಗೆಯುವ ಪಾಠ ಮಾಡಿದ ವಾರವೇ, ಸೀರೆ ಅಂಚಿನ ಚಿತ್ರ ಬಿಡಿಸಲೆಂದು ನಾನು ಬರೆದಿದ್ದ ಪ್ರೋಗ್ರಾಮು ಇಡೀ ಕ್ಲಾಸಿನ ಎದುರು ಏದುಸಿರು ಬಿಟ್ಟು ನಿಂತಿತು. ತಪ್ಪು ಹುಡುಕಿದವಳು ಗಿರಿಜಾ. "ಸರ, ಬಿಡಿಸಿದ್ದೆಲ್ಲಾ ಒಂದು ಪಟ್ಟ್ಯಾಗ ಹಿಡಕೊಂಡು ಕುಂತೀರಿ. ನೀವೇ ಬಿಡಲಿಲ್ಲಂದ್ರ ಪಾಪ, ಜಾವಾ ಏನ್ ಗುಡಸ್ತೈತ್ರಿ?"

ಸಂಜೆ ಕತ್ತರಿ ಹಿಡಿದುಕೊಂಡೇ ಹೋಗಿ ಕಮಲವ್ವನನ್ನು ಕರೆತಂದೆ. ನಾನು ಎಳೆ ಕತ್ತರಿಸಲು ಮಗ್ಗದ ಹತ್ತಿರ ಬಗ್ಗಿದ್ದೇ ತಡ, ಆಕೆ ಹೌಹಾರಿದಳು. "ಅಯ್ಯ, ಏನ್ ಮಾಡಾಕ ಹೊಂಟೀರಿ ಅಣ್ಣಾರ? ಒಡಲಿನ ಎಳಿಗೆ ಸೆರಗಿನ ಎಳಿ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸ್ಯಾಳ ಅಕ್ಕ. ಅದನ್ನ ಯಾರರ ಕಡೀತಾರೇನ್ರಿ? ಉಳದದ್ದು ನಾ ನೇಯ್ತೇನಿ. ಆಮ್ಯಾಲ ಈ ಮಗ್ಗದ ಮ್ಯಾಲ ನನ್ನ ಸೀರಿ ಹಾಕ್ತೇನಿ."

ಎಂಟು ತಿಂಗಳು ನಾನು ಕತ್ತರಿಗೆ ಹೆದರಿ ಕೂತಿದ್ದೆ. ಕತ್ತರಿಯ ಮಾತು ಎತ್ತಿದವನು ನಾನೊಬ್ಬನೇ.

ಹತ್ತು ದಿನ ಮನೆಯಲ್ಲಿ ಮತ್ತೆ ಮಗ್ಗದ ಸಪ್ಪಳ. ಸೀರೆ ಇಳಿದ ದಿನ, ಶಾಂತಾ ನಿಲ್ಲಿಸಿದ್ದು ಎಲ್ಲಿ, ಕಮಲವ್ವ ಹಿಡಿದದ್ದು ಎಲ್ಲಿ ಎಂದು ಬೆರಳಾಡಿಸಿ ನೋಡಿದೆ, ಸಿಗಲಿಲ್ಲ. ಟ್ರಂಕಿನಲ್ಲಿ ಜಾಗವಿರಲಿಲ್ಲ. ಛತ್ರಿಯ ಹಿಡಿಕೆ, ಗಡಿಯಾರದ ಮುಳ್ಳು, ಕೀಲಿಗಳು ಎಲ್ಲವನ್ನೂ ತಿಪ್ಪೆಗೆ ಹಾಕಿ ಸೀರೆ ಇಟ್ಟೆ. "ಮಗ್ಗ ಬಿಟ್ರಿ, ಸೀರಿ ಹಿಡದ್ರಿ" ಎಂದು ಕಮಲವ್ವ ನಕ್ಕಳು.

ಮರುದಿನ ಕ್ಲಾಸಿನಲ್ಲಿ ಆ ಪಟ್ಟಿಯನ್ನು ಖಾಲಿ ಮಾಡಿದೆ. ಪ್ರೋಗ್ರಾಮು ಹಗುರಾಗಿ ಓಡಿತು. ಶಾಂತಾಳ ಸೀರೆಯ ಅಂಚಿನ ಚಿತ್ರವೊಂದನ್ನು ಮಾತ್ರ ಉಳಿಸಿಕೊಂಡಿದ್ದೆ. "ಇದನ್ಯಾಕ ಬಿಟ್ಟಿಲ್ರಿ ಸರ?" ಎಂದಳು ಗಿರಿಜಾ. ಒಂದನ್ನು ಹಿಡಿದುಕೊಂಡರೆ ಯಂತ್ರಕ್ಕೇನೂ ಭಾರವಾಗುವುದಿಲ್ಲ ಎಂದು ಗಂಭೀರವಾಗಿ ಹೇಳಿದೆ. ಪುಣ್ಯಾತ್ಗಿತ್ತಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡುಬಿಟ್ಟಳು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬರದಿದ್ದರೆ ಸಾಕು.