ಕಾರ್ಕಳದಲ್ಲಿ ಲಂಗರು ಹಾಕಿದ ಮಾವ

ನಮ್ಮ ಸೋದರಮಾವನಿಗೆ ಸ್ವಂತದ್ದೊಂದು ಹಡಗು ಇದೆ. ಹೀಗೆಂದರೆ ನೀವು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಆದರೆ ಮಾವ ನಂಬಿದ್ದಾರೆ. ಅವರೇ ನಂಬಿದ ಮೇಲೆ ನಮ್ಮನ್ನು ಕೇಳುವವರು ಯಾರು? ಮನೆ ಇರುವುದು ಕಾರ್ಕಳದಲ್ಲಿ, ಎತ್ತ ನೋಡಿದರೂ ಕರಿಬಂಡೆ. ಅಂಥ ಊರಿನ ಜಗಲಿಯಲ್ಲಿ ಕುಳಿತು ಅವರು “ನಮ್ಮ ಹಡಗು ಉಂಟಲ್ಲಾ…” ಎಂದು ಶುರು ಮಾಡಿದರೆಂದರೆ ಎದುರಿದ್ದವರ ಉಡುಪಿ ಬಸ್ಸು ತಪ್ಪಿತೆಂದೇ ಅರ್ಥ.

ಇಪ್ಪತ್ತಾರು ವರ್ಷ ಅವರು ದೊಡ್ಡದೊಂದು ಪ್ರಯಾಣಿಕರ ಹಡಗಿನಲ್ಲಿ ಕೆಲಸ ಮಾಡಿದವರು. ಅದರೊಳಗಿನ ಕುಣಿತದ ಹಾಲ್, ದೀಪದ ಗೊಂಚಲು, ಕ್ಯಾಪ್ಟನ್ ಊಟಕ್ಕೆ ಕೂರುವ ಮೇಜು, ಎಲ್ಲವನ್ನೂ ವರ್ಣಿಸಿ ವರ್ಣಿಸಿ ನಮಗೂ ಬಾಯಿಪಾಠ ಮಾಡಿಸಿದ್ದರು. ಆದರೆ ಅಲ್ಲಿ ಅವರ ಕೆಲಸವೇನು? ಅದನ್ನು ಮಾತ್ರ ಬಾಯಿ ಬಿಡುತ್ತಿರಲಿಲ್ಲ. “ನಾನು ಒಂದು ದಿನ ರಜೆ ಹಾಕಿದ್ರೆ ಕ್ಯಾಪ್ಟನ್ ಊಟಕ್ಕೆ ಕೂರುವ ಹಾಗೆ ಇರ್ಲಿಲ್ಲ, ಗೊತ್ತುಂಟಾ?” ಎನ್ನುತ್ತಿದ್ದರು. ದೊಡ್ಡ ಬಾಣಸಿಗರಿರಬೇಕೆಂದು ನಾವು ಅಂದುಕೊಂಡೆವು. ಅತ್ತೆ ಒಪ್ಪಲಿಲ್ಲ. “ಇವರಿಗೆ ಗಂಜಿ ಬೇಯಿಸ್ಲಿಕ್ಕೆ ಬರುದಿಲ್ಲ” ಎಂದಷ್ಟೇ ಹೇಳಿ ಒಳಗೆ ಹೋದರು.

ಮಾವನಿಗೆ ಇನ್ನೊಂದು ಹುಚ್ಚು, ಇಸ್ತ್ರಿ. ಅಂಗಿ, ಲುಂಗಿ ಸರಿ, ಮೈ ಒರೆಸುವ ಬೈರಾಸಿಗೂ ಇಸ್ತ್ರಿ ಹಾಕುವವರನ್ನು ನೀವು ಕಂಡಿದ್ದೀರಾ? ಒಮ್ಮೆ ಕಾರ್ಕಳದಲ್ಲಿ ನನಗೆ ಹೆಣ್ಣು ನೋಡುವ ಕಾರ್ಯಕ್ರಮವಿತ್ತು. ದಾರಿಯಲ್ಲಿ ಮಾವನ ಮನೆಗೆ ಹೊಕ್ಕದ್ದೇ ತಪ್ಪಾಯಿತು. “ಎಂತ ಮಾರಾಯ ಇದು, ಹಸು ಅಗಿದ ಹಾಗೆ ಉಂಟು. ತೆಗೆ” ಎಂದು ಅಂಗಿ ಬಿಚ್ಚಿಸಿ, ಒಂದು ಗಂಟೆ ನನ್ನನ್ನು ಬರಿಮೈಯಲ್ಲಿ ಕೂರಿಸಿದರು. ಹೆಣ್ಣಿನ ಮನೆಗೆ ತಡವಾಗಿ ಹೋದೆ. ಹುಡುಗಿಯ ತಂದೆ ನನ್ನ ಉದ್ಯೋಗ ವಿಚಾರಿಸುವುದು ಬಿಟ್ಟು ಇಸ್ತ್ರಿ ಎಲ್ಲಿ ಮಾಡಿಸಿದಿರಿ ಎಂದು ಕೇಳಿದರು. ಸಂಬಂಧ ಕೂಡಿಬರಲಿಲ್ಲ. ಅಂಗಿಯ ಗೆರೆ ಮಾತ್ರ ಮೂರು ದಿನ ಹಾಗೇ ಇತ್ತು.

ಇನ್ನು ಕಾಪುವಿನ ವಿಷಯ. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ವಿಮಾನ ಇಳಿದವರು ನೆಟ್ಟಗೆ ಮನೆಗೆ ಬರಬೇಕೋ ಬೇಡವೋ? ಮಾವ ಟ್ಯಾಕ್ಸಿಯನ್ನು ಮೊದಲು ಕಾಪುವಿಗೆ ಬಿಡಿಸುತ್ತಿದ್ದರು. ದೀಪಸ್ತಂಭದ ಕೆಳಗೆ ಸೂಟ್‌ಕೇಸಿನ ಮೇಲೆ ಕುಳಿತು ಎರಡು ಗಂಟೆ ಕಡಲು ನೋಡುವುದು! ಹತ್ತು ತಿಂಗಳು ಕಡಲ ಮೇಲೇ ಇದ್ದು ಬಂದವರು! “ಹೋಟೆಲಿನವ ರಜೆ ಹಾಕಿ ಹೋಟೆಲಿಗೆ ತಿಂಡಿಗೆ ಹೋದ ಹಾಗಾಯ್ತು” ಎಂದು ನಮ್ಮಮ್ಮ ನಗುತ್ತಿದ್ದರು. ಅನ್ನ ಬಡಿಸಲು ಕಾದು ಕುಳಿತ ಅತ್ತೆಗೆ ನಗು ಬರುತ್ತಿರಲಿಲ್ಲ. “ಕಟ್ಟಿಕೊಂಡವಳಿಗಿಂತ ಕಡಲು ಮೊದಲು” ಎಂಬುದು ಅವರ ಇಪ್ಪತ್ತಾರು ವರ್ಷದ ದೂರು.

ಮಾವ ನಿವೃತ್ತರಾದ ಮೇಲೆ ಹಡಗೂ ನಿವೃತ್ತವಾಯಿತು. “ನಾನಿಲ್ಲದೆ ಅದು ಹೇಗೆ ಓಡುದು?” ಎಂದರು ಮಾವ. ಈಗ ಅದು ಗಲ್ಫಿನ ಬಂದರೊಂದರಲ್ಲಿ ನಿಂತಲ್ಲೇ ನಿಂತಿದೆ. ಟಿಕೆಟ್ ಕೊಂಡು ಪ್ರವಾಸಿಗರು ನೋಡಿ ಬರುತ್ತಾರೆ. ಮಾವನ ಮಗಳು ಇರುವುದೂ ಅದೇ ಊರಿನಲ್ಲಿ. ಒಂದು ಭಾನುವಾರ ಅವಳು ಹಡಗು ಹತ್ತಿ ವಿಡಿಯೋ ಕಾಲ್ ಮಾಡುವುದು, ಮಾವ ಕಾರ್ಕಳದಿಂದಲೇ ದಾರಿ ತೋರಿಸುವುದು ಎಂದು ನಿಶ್ಚಯವಾಯಿತು. ಮಾವ ಬೀದಿಗೆಲ್ಲ ಆಮಂತ್ರಣ ಕೊಟ್ಟರು, ಅತ್ತೆ ಗೋಳಿಬಜೆ ಕರಿದರು. ಫೋನನ್ನು ಟೀವಿಗೆ ಜೋಡಿಸಲು ನಾನು ಮಣಿಪಾಲದಿಂದ ಹೋದೆ. ನಿಜ ಹೇಳುತ್ತೇನೆ, ಮಾವನ ಬೊಗಳೆಯನ್ನು ಹತ್ತು ಜನರ ಎದುರು ಹಿಡಿದುಹಾಕುವ ಆಸೆಯೂ ನನ್ನ ಜೊತೆಗೆ ಬಂದಿತ್ತು.

“ಬಲಕ್ಕೆ ತಿರುಗು ಮಗಾ, ಕುಣಿತದ ಹಾಲ್ ಅಲ್ಲೇ” ಎಂದರು ಮಾವ. ಬಲಕ್ಕೆ ತಿರುಗಿದರೆ ಶೌಚಾಲಯ.

“ಹಾಗಾದ್ರೆ ಎಡಕ್ಕೆ.” ಎಡಕ್ಕೆ ಆಟಿಕೆ ಹಡಗು ಮಾರುವ ಅಂಗಡಿ.

“ಎಲ್ಲ ಒಡೆದು ಹಾಳು ಮಾಡಿದ್ದಾರೆ” ಎಂದರು ಮಾವ. ಪಕ್ಕದಲ್ಲಿದ್ದ ಗೈಡ್ ಅವಳಿಂದ ಅದರ ಅರ್ಥ ತಿಳಿದುಕೊಂಡು, ಒಂದು ಗೋಡೆಯನ್ನೂ ಮುಟ್ಟಿಲ್ಲ, ಅದೇ ಈ ಹಡಗಿನ ಹೆಚ್ಚುಗಾರಿಕೆ ಎಂದು ವಿವರಿಸಿದ. ನೆರೆಮನೆಯವರು ಗೋಳಿಬಜೆಯ ತಟ್ಟೆಯೊಳಗೆ ಮುಖ ಹುದುಗಿಸಿ ನಕ್ಕರು. “ಮಾವ, ನೀವಿದ್ದದ್ದು ಯಾವ ಹಡಗಿನಲ್ಲಿ?” ಎಂಬ ಮಾತು ನನ್ನ ನಾಲಗೆ ತುದಿಗೆ ಬಂದಿತ್ತು. ಆಗ ಅವರ ಕೈ ಕಂಡಿತು. ಮಡಿಲಿನ ಬೈರಾಸನ್ನು ನಾಲ್ಕು ಮಡಿಕೆ ಮಾಡುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಮಡಚುತ್ತಿದ್ದರು. ನನ್ನ ಮಾತು ಒಳಗೇ ಉಳಿಯಿತು.

“ಪಪ್ಪ, ಇಲ್ಲಿ ಒಂದು ಸಣ್ಣ ಕಬ್ಬಿಣದ ಬಾಗಿಲು ಉಂಟು. ಹಗ್ಗ ಕಟ್ಟಿದ್ದಾರೆ.”

ಮಾವ ಎದ್ದು ನಿಂತರು. “ಕೆಳಗೆ ಬಿಡ್ತಾರಾ ಕೇಳು. ನಿನ್ನ ಅಪ್ಪ ಅಲ್ಲಿ ಕೆಲಸಕ್ಕಿದ್ದ ಅಂತ ಹೇಳು.”

ಗೈಡ್ ಹಗ್ಗ ಬಿಚ್ಚಿದ.

“ಹದಿನಾಲ್ಕು ಮೆಟ್ಟಿಲು. ತಲೆ ತಗ್ಗಿಸು, ಪೈಪ್ ಉಂಟು.” ಹದಿನಾಲ್ಕೇ ಇದ್ದವು, ಪೈಪೂ ಇತ್ತು. “ಎಡಕ್ಕೆ ಹೋಗಿ ಮತ್ತೆ ಇಳಿ. ಹನ್ನೆರಡು. ಕೊನೆಯದ್ದು ಸ್ವಲ್ಪ ಎತ್ತರ, ಜಾಗ್ರತೆ.” ಅವಳು ಜಾಗ್ರತೆಯಿಂದ ಇಳಿದಳು. ಮುಂದೆ ಒಂದು ತಿರುವೂ ತಪ್ಪಲಿಲ್ಲ. ಬಾಗಿಲು ತೆರೆದರೆ ದೊಡ್ಡ ದೊಡ್ಡ ಬಟ್ಟೆ ಒಗೆಯುವ ಯಂತ್ರಗಳು, ಸಾಲಾಗಿ ಇಸ್ತ್ರಿಯ ಮೇಜುಗಳು.

“ಮೂರನೆಯದ್ದು ನನ್ನದು” ಎಂದರು ಮಾವ. “ಮೇಲೆ ಹೋಗ್ಲಿಕ್ಕೆ ನಮಗೆ ಬಿಡ್ತಿರ್ಲಿಲ್ಲ. ಮೇಜಿನ ಬಟ್ಟೆ ಮಾತ್ರ ಕೆಳಗೆ ಬರ್ತಿತ್ತು.”

ಯಾರೂ ನಗಲಿಲ್ಲ. ಅತ್ತೆ ಟೀವಿಯ ಹತ್ತಿರ ಹೋಗಿ ನೋಡಿದರು. “ಇಸ್ತ್ರಿ ಅಂತ ನನಗೆ ಗೊತ್ತಿತ್ತು. ಇಲ್ಲಿ ಕಿಟಕಿ ಎಲ್ಲುಂಟು?”

“ಕಿಟಕಿ ಎಲ್ಲಿಂದ? ಅದು ನೀರಿನ ಕೆಳಗೆ ಅಲ್ವಾ? ಕೆಲಸ ಮುಗಿಯುವಾಗ ಹೊರಗೂ ಕತ್ತಲೆ. ಶಬ್ದ ಕೇಳ್ತಿತ್ತು, ಅಷ್ಟೆ.”

“ಹಾಗಾದ್ರೆ ಕಡಲು?”

“ರಜೆಯಲ್ಲಿ ಬಂದಾಗ ಕಾಪುವಿನಲ್ಲಿ ನೋಡ್ತಿದ್ದೆ ಅಲ್ವಾ.”

ಅತ್ತೆ ಉಳಿದ ಗೋಳಿಬಜೆಯನ್ನು ಮುಚ್ಚಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ನಿನ್ನ ಕಾರು ಉಂಟಲ್ಲ, ಈಗಲೇ ಕಾಪುವಿಗೆ ಹೋಗುವ. ನಾನೂ ಬರ್ತೇನೆ” ಎಂದರು. ಹಿಡಿದುಹಾಕಲು ಬಂದ ನನಗೆ ನಾಚಿಕೆಯಾಯಿತು. ಮಾವನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು.

ಹೊರಡುವಾಗ ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಕಡಲು ನೋಡ್ಲಿಕ್ಕೆ ಈ ಅಂಗಿಯಲ್ಲಿ ಬರುದಾ ನೀನು?”

ನಾನು ಅಂಗಿ ಬಿಚ್ಚಿ ಅವರ ಕೈಗೆ ಕೊಟ್ಟೆ.